ಹಸಿರು ಪಟ್ಟಿಯ ಮುಂದೆ

"ಮೊದ್ಲು ನಿನ್ ಕೈ ಇಡು, ಭಾವ. ಆಮೇಲೆ ನಾವು ಮುಟ್ತೀವಿ," ಎಂದ ಕೇಬಲ್ ರಿಪೇರಿಯ ಚೋಲಾ. ವಿದ್ಯುತ್ ಇದೆಯೇ ಎಂದು ತೋರಿಸುವ ಪರೀಕ್ಷೆಯ ಕೋಲು ಕೆಟ್ಟಂದಿನಿಂದ ಗಣಿಪಟ್ಟಣ ಕಿತ್ವೆಯ ಆ ಸಬ್‌ಸ್ಟೇಷನ್ನಿನಲ್ಲಿ ಬ್ರೇಕರ್ ತೆರೆದು ವಿದ್ಯುತ್ ಕಡಿದವನೇ ಕೇಬಲ್ಲನ್ನು ಮೊದಲು ಮುಟ್ಟಬೇಕೆಂಬ ಪದ್ಧತಿ. ಆಪರೇಟರ್ ಸಿಂಬೆಯೆ ನಕ್ಕ. ಅವನು ನಕ್ಕರೆ ಪಾತಾಳದ ಗಣಿಯಲ್ಲಿ ಮಲಗಿದ ಇಲಿಗಳೂ ಎದ್ದು ಕೂರುತ್ತವೆ.

"ಹಸಿರು ಪಟ್ಟಿ ಕಾಣಲ್ವೇನೋ ಕುರುಡ? ಬ್ರೇಕರ್ ತೆರೆದಿದೆ. ಒಳಗೆ ಗಾಳಿನೇ ಇಲ್ಲ, ಕಿಡಿ ಹುಟ್ಟಿದ್ರೂ ಉಸಿರು ಕಟ್ಟಿ ಸಾಯತ್ತೆ. ಹನ್ನೊಂದು ಸಾವಿರ ವೋಲ್ಟನ್ನ ಕಿರುಬೆರಳಲ್ಲಿ ಮಲಗಿಸೋನು ನಾನು!"

ಆದರೆ ಪಟ್ಟಿ ಬಲ್ಲದ್ದು ಹೊರಗಿನ ಸರಳು ಸರಿದ ಸಂಗತಿಯನ್ನಷ್ಟೇ. ಬಿಗಿಯಾಗಿ ಮುಚ್ಚಿದ ಪಿಂಗಾಣಿ ಸೀಸೆಯೊಳಗೆ ತಾಮ್ರದ ತುದಿಗಳು ಬೇರೆಯಾದವೋ, ಬೆಸೆದುಕೊಂಡೇ ಕೂತವೋ, ಕಂಡವರಿಲ್ಲ. ಹೋದ ತಿಂಗಳು ಸಿಂಬೆಯೆ ತೆರೆದ ಪಕ್ಕದ ಬ್ರೇಕರಿನ ಹಸಿರು ನಂಬಿ ಚೋಲಾನ ತಮ್ಮ ಕಾಂಗ್ವಾ ಕೇಬಲ್ ಮುಟ್ಟಿ ಸುಟ್ಟುಹೋಗಿದ್ದ. "ನಾನು ಮುಟ್ಟೋಕೆ ಬರೋ ಮೊದ್ಲೇ ಅವನೇ ಆತುರಪಟ್ಟ," ಎಂದು ಸಿಂಬೆಯೆ ವಿಚಾರಣೆಯಲ್ಲಿ ಆಣೆ ಮಾಡಿದ್ದ. ಆ ಆಣೆಯ ಭಾರಕ್ಕೆ ಮೇಜು ಮುರಿಯದಿದ್ದುದೇ ಪವಾಡ. ಸತ್ತವನ ಅಕ್ಕ, ಸಿಂಬೆಯೆಯ ಹೆಂಡತಿ, ಅದನ್ನು ನಂಬಿದ್ದಳು.

ಈಗ ಸಿಂಬೆಯೆ ಕೈಗವಸು ಕಳಚಿ ಕೈ ಚಾಚಿದ. ಕೇಬಲ್ಲಿಗೆ ಒಂದು ಗೇಣು ಉಳಿದಿತ್ತು. ಆ ಗೇಣು ರಾಜಧಾನಿ ಲುಸಾಕಾಕ್ಕಿಂತ ದೂರವಾಯಿತು. ಹಣೆಯಿಂದ ಕಾಫುವೆ ನದಿಯೇ ಇಳಿಯಿತು. ಕೈ ಹಿಂದೆ ಸರಿಯಿತು, ಕಿಸೆಯೊಳಗೆ ಅಡಗಿತು.

ಚೋಲಾ ದನಿ ಏರಿಸಲಿಲ್ಲ.

"ಅವತ್ತೂ ಹಿಂಗೇ ನಿಂತಿದ್ದೆ ಅಲ್ವಾ, ಭಾವ? ನನ್ ತಮ್ಮನ್ನ ಮುಂದೆ ಕಳಿಸ್ಬಿಟ್ಟು."