ತೋಳಿನ ಅಳತೆ

ಡಾಂಬರ್ ಗುಳಿಗೆಯ ವಾಸನೆ ಬಂದರೆ ನನಗೆ ಇಂದಿಗೂ ವಿಶಾಖಪಟ್ಟಣದ ಆ ಮಧ್ಯಾಹ್ನವೇ ನೆನಪಾಗುತ್ತದೆ. ಅಪ್ಪನಿಗೆ ವಿಜಯವಾಡದ ಬ್ಯಾಂಕಿಗೆ ವರ್ಗವಾಗಿ ವರ್ಷ ದಾಟಿತ್ತು, ಮನೆಗೆ ಬರುವುದು ಅಪರೂಪವಾಗಿತ್ತು. ನನ್ನ ಶಾಲೆಗೋಸ್ಕರ ನಾನೂ ಅವ್ವನೂ ವಿಶಾಖಪಟ್ಟಣದಲ್ಲೇ ಉಳಿದಿದ್ದೆವು. ಧಾರವಾಡದಿಂದ ತಂದು, ನುಸಿ ಹಿಡಿಯದಂತೆ ಆ ಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟಿದ್ದ ಉಲ್ಲನ್‌ನಿಂದ ಅವ್ವ ಅಪ್ಪನಿಗೆ ಸ್ವೆಟರ್ ಹೆಣೆಯುತ್ತಿದ್ದಳು.

"ವಿಜಯವಾಡಲೋ ಸ್ವೆಟರಾ ಅಂಡೀ?" ಎಂದು ಪಕ್ಕದ ಮನೆಯ ತೆಲುಗು ಆಂಟಿ, ಆ ಸೆಕೆಯ ಊರಲ್ಲಿ ಸ್ವೆಟರೇ ಎಂಬಂತೆ, ಬೆವರು ಒರೆಸಿಕೊಳ್ಳುತ್ತ ನಕ್ಕರು. ಅವ್ವನೂ ನಕ್ಕಳು. ಅವರು ಹೋದ ಮೇಲೆ ಮತ್ತೆ ಕಡ್ಡಿ ಎತ್ತಿಕೊಂಡಳು.

ತೋಳು ಅರ್ಧ ಹೆಣೆಯುವಷ್ಟರಲ್ಲಿ ಉಲ್ಲನ್ ಉಂಡೆ ಮುಗಿಯಿತು. ನಾನು ಹೊಸ ಉಂಡೆ ಕೊಟ್ಟು, "ಗಂಟು ಹಾಕ್ಲೇನವ್ವಾ?" ಎಂದೆ.

"ಬ್ಯಾಡ. ಗಂಟು ಮೈಗೆ ಚುಚ್ಚತದ."

ಎಂಜಲು ಮುಟ್ಟಿದರೆ ನನ್ನ ಕೈ ತೊಳೆಸುತ್ತಿದ್ದ ಅವ್ವ, ಎರಡೂ ಎಳೆಗಳ ತುದಿ ಬಿಡಿಸಿ, ಒಂದರೊಳಗೊಂದು ಸೇರಿಸಿ, ಎಂಜಲು ಹಚ್ಚಿ, ಬಿಸಿಯಾಗುವವರೆಗೆ ಅಂಗೈಗಳ ನಡುವೆ ಉಜ್ಜಿದಳು. ಎಲ್ಲಿ ಕೂಡಿತೆಂದು ಬೆರಳಿಗೂ ತಿಳಿಯಲಿಲ್ಲ.

ಸಂಜೆಯ ಹೊತ್ತಿಗೆ ಮುಗಿದ ತೋಳನ್ನು ನನ್ನ ಕೈಮೇಲೆ ಹಾಸಿದಳು. ಅದು ನನ್ನ ಬೆರಳುಗಳನ್ನು ದಾಟಿ ಜೋತುಬಿತ್ತು. ಅದನ್ನೇ ನೋಡುತ್ತ ಕುಳಿತಳು.

"ನಿಮ್ಮಪ್ಪನ ಕೈ ಇಷ್ಟ ಉದ್ದ ಅದ, ಹೌದಿಲ್ಲ?"

ನನಗೂ ನೆನಪಿರಲಿಲ್ಲ. ಹೌದು ಎಂದೆ.