ಎರಡನೇ ತಿರುವು

ಸತ್ತವರ ಮಣಿಕಟ್ಟಿನ ಕೀಲನ್ನು ಬೇರೆಯವರಿಗೆ ಜೋಡಿಸಿದಾಗ ಅದರ ರೂಢಿಗಳೂ ಜೊತೆಗೆ ಬರುತ್ತವೆ. ಅವನ್ನು ಅಳಿಸಬೇಕಾದರೆ ಕೊಟ್ಟ ಮನೆಯವರೇ ಆಸ್ಪತ್ರೆಗೆ ಬಂದು ಒಪ್ಪಿಗೆ ಹೇಳಬೇಕು. ಹಾಗಾಗಿ ನಾನು ರೊಟ್ಟಿ ಮಾರುವ ಗುರಸಿದ್ಧವ್ವನ ಪಕ್ಕದಲ್ಲಿ ಕುಳಿತಿದ್ದೆ. ಅವಳ ಬಲಗೈಯಲ್ಲಿ ನನ್ನ ಮಗಳು ವಿನುತಾಳ ಕೀಲಿತ್ತು.

"ಕೈ ಭಾಳ ಚಲೋ ಐತ್ರಿ ಅಕ್ಕಾರ. ಆದ್ರ ಒಮ್ಮೆ ರೊಟ್ಟಿ ಹೊಳ್ಳಿಸಿದ್ರ ತಾನಾಗೇ ಇನ್ನೊಮ್ಮೆ ತಿರುಗತೈತಿ. ದಿನಾ ಮುನ್ನೂರು ರೊಟ್ಟಿ. ಕಿರುಬೆರಳಿನ ಕಡೆ ಎಲುಬು ಸವದು ಬಾತೈತಿ, ನೋಡ್ರಿ. ನಿಮ್ಮ ಮಗಳು ಎಲ್ಲಾನೂ ಎರಡೆರಡು ಸಲ ಮಾಡ್ತಿದ್ಲೇನ್ರಿ?"

"ಗ್ಯಾಸ್ ಒಲೆಯ ಗುಂಡಿ ಮಾತ್ರ," ಎಂದೆ. "ನಾನೇ ಕಲಿಸಿದ್ದು. ಆರಿಸಿದ ಮೇಲೂ ಇನ್ನೊಮ್ಮೆ ತಿರುಗಿಸಿ ನೋಡು ಅಂತ ದಿನಾ ಹೇಳುತ್ತಿದ್ದೆ."

ನನ್ನ ಹೆದರಿಕೆ ಮಗಳ ಕೈಯಲ್ಲಿ ಉಳಿದು, ಈಗ ಇವಳ ಎಲುಬನ್ನು ತಿನ್ನುತ್ತಿತ್ತು. ಮಗಳದೆಂದು ನನಗೆ ಉಳಿದಿದ್ದೂ ಅದೊಂದೇ.

"ಅಳಿಸಿಬಿಡಿ," ಎಂದು ಡಾಕ್ಟರಿಗೆ ಹೇಳಿ ಗುರಸಿದ್ಧವ್ವನ ಕೈ ಹಿಡಿದುಕೊಂಡೆ. ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಅವಳು, "ಹಗುರ ಆತ್ರಿ ಅಕ್ಕಾರ," ಎಂದಳು.

ನಾನು ಬಿಡಲಿಲ್ಲ. ಅವಳು ಮೆಲ್ಲಗೆ ಕೈ ತಿರುಗಿಸಿ ಬಿಡಿಸಿಕೊಂಡಳು. ಅದಕ್ಕೆ ಒಂದೇ ತಿರುವು ಸಾಕಾಯಿತು.