ಕುಂಬಳ ಬೀಜದ ಕುಳ್ಳು

“ಅದನ್ನ ಒಡೀಬ್ಯಾಡ್ರಿ ಅತ್ತಿ” ಎಂದು ಗುತ್ತೆವ್ವ ಹಿತ್ತಲ ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟಳು. ಮದುವೆಯಾಗಿ ಬಂದು ಮೈಮೇಲಿನ ಅರಿಷಿಣ ಇನ್ನೂ ಮಾಸಿರಲಿಲ್ಲ. ಅತ್ತೆಗೆ ಅವಳು ಎದುರಾಡಿದ್ದು ಇದೇ ಮೊದಲು. ಕುಡಗೋಲು ಹಿಡಿದು ಬಂದ ಅಡಿವೆವ್ವ ಸಿಟ್ಟು ಮಾಡಬೇಕೋ ಸುಮ್ಮನಿರಬೇಕೋ ತಿಳಿಯದೆ ಮಗನ ಕಡೆ ನೋಡಿದಳು. ಬಚ್ಚಲ ನೀರು ಹರಿಯುವ ಜಾಗದಲ್ಲಿ ಬೀಜ ಹಾಕಲು ಮಡಿ ಮಾಡುತ್ತಿದ್ದ ಮಲ್ಲೇಶಪ್ಪ ತಲೆ ಎತ್ತಲಿಲ್ಲ.

ಹೋಳಿ ಮುಗಿದಿತ್ತು, ಯುಗಾದಿ ಹತ್ತಿರ ಬಂದಿತ್ತು. ಯುದ್ಧದ ಕಾಲ, ಸರಕಾರದ ಲೇವಿಗೆಂದು ಜೋಳ ಅಳೆದುಕೊಟ್ಟ ಮೇಲೆ ಮನೆಯಲ್ಲಿ ಉಳಿದದ್ದು ಅಷ್ಟಕ್ಕಷ್ಟೆ. ಹಿತ್ತಲಲ್ಲಿ ನಾಲ್ಕು ಬಳ್ಳಿ ಹಬ್ಬದಿದ್ದರೆ ಬೇಸಿಗೆಯೆಲ್ಲ ಒಣ ರೊಟ್ಟಿ, ಖಾರ. ಹಾಗಾಗಿ ವಾರದಿಂದ ಮೂವರೂ ಹಿತ್ತಲಲ್ಲೇ ಇದ್ದರು. ಗೊಬ್ಬರ ಹೊತ್ತು ಹಾಕಿಯಾಗಿತ್ತು, ಬೇಲಿಗೆ ಮುಳ್ಳು ಕಟ್ಟಿಯಾಗಿತ್ತು. ಹುಳ ಹತ್ತಬಾರದೆಂದು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿಟ್ಟ ಬೀಜದ ಕುಳ್ಳುಗಳಲ್ಲಿ ಹೀರೆಯದು, ಸೌತೆಯದು ಒಡೆದಾಗಿತ್ತು. ಉಳಿದದ್ದು ಕುಂಬಳದ್ದೊಂದೇ.

ಆ ಕುಳ್ಳು ತಟ್ಟಿದವಳು ಶಾರವ್ವ. ಗುತ್ತೆವ್ವನ ಒಡಹುಟ್ಟಿದ ಅಕ್ಕ, ಮಲ್ಲೇಶಪ್ಪನ ಮೊದಲ ಹೆಂಡತಿ. ದೀಪಾವಳಿ ಆದ ಮೇಲೆ, ತುಂಬು ಬಸುರಿ, ಒಂದು ಕೈ ಸೊಂಟಕ್ಕೆ ಕೊಟ್ಟು ಇನ್ನೊಂದು ಕೈಯಿಂದ ತಟ್ಟಿದ್ದಳು. ಮರುವಾರ ಹೆರಿಗೆ ಕಷ್ಟವಾಯಿತು. ಹಿರೇಕೆರೂರಿನ ದವಾಖಾನೆ ಮುಟ್ಟುವ ಮೊದಲೇ ಚಕ್ಕಡಿಯಲ್ಲಿ ತಾಯಿ, ಕೂಸು ಎರಡೂ ಹೋದವು. ಆಮೇಲೆ ಹಿರಿಯರು ಕೂತು ಮಾತಾಡಿದರು: ಬೀಗತನ ಕೆಡಬಾರದು, ಮನೆಯ ದೀಪ ಆರಬಾರದು, ತಂಗಿ ಇದ್ದಾಳಲ್ಲ! ಇದ್ದಾಳಲ್ಲ ಎಂದರೆ ಮುಗಿಯಿತು, ಅವಳನ್ನು ಕೇಳುವುದೇನಿದೆ? ಹಂಸಭಾವಿಯ ತವರಿನಿಂದ ಗುತ್ತೆವ್ವ ಬಂದಳು. ಅಕ್ಕನ ಸೀರೆ ಉಟ್ಟಳು, ಅಕ್ಕ ಬೀಸಿದ ಕಲ್ಲಿನಲ್ಲಿ ಬೀಸಿದಳು. ತವರಿನಿಂದ ಹೊರಟ ದಿನ ಎಲ್ಲರಿಗಿಂತ ಸಣ್ಣ ತಂಗಿ ಸರೋಜಿ, ಇನ್ನೂ ಹಾಲುಹಲ್ಲು ಬೀಳುತ್ತಿದ್ದವಳು, ತಾನೂ ಬರುತ್ತೇನೆಂದು ಅಳುತ್ತ ಊರ ಅಗಸಿಯವರೆಗೆ ಚಕ್ಕಡಿಯ ಹಿಂದೆ ಓಡಿ ಬಂದಿದ್ದಳು.

“ಒಡೀಲಿಲ್ಲಂದ್ರ ಬೀಜ ಹೆಂಗ ಹೊರಗ ಬರತಾವ?” ಎಂದಳು ಅಡಿವೆವ್ವ.

“ಇದೊಂದು ಇರಲಿ ಬಿಡ್ರಿ. ನೋಡ್ರಿಲ್ಲೆ, ಅಕ್ಕನ ಕೈ.”

ಗುತ್ತೆವ್ವ ಪಕ್ಕಕ್ಕೆ ಸರಿದಳು. ಒಣಗಿದ ಸಗಣಿಯಲ್ಲಿ ಅಂಗೈ, ಐದು ಬೆರಳು ಅಚ್ಚೊತ್ತಿದ ಹಾಗೆ ಮೂಡಿದ್ದವು. ಕಿರುಬೆರಳು ಹೊರಗೆ ಸೊಟ್ಟ. ಚಿಕ್ಕಂದಿನಲ್ಲಿ ಗುತ್ತೆವ್ವನ ಕೈ ಬೀಸೋಕಲ್ಲಿಗೆ ಸಿಗುವಂತಾದಾಗ ಶಾರವ್ವ ತನ್ನ ಕೈ ಅಡ್ಡ ಕೊಟ್ಟಿದ್ದಳು. ಆಗ ಸೊಟ್ಟಗಾದ ಬೆರಳದು. ಫೋಟೋ ಗೀಟೋ ತೆಗೆಸುವ ಮನೆತನಗಳಲ್ಲ ಎರಡೂ. ಶಾರವ್ವ ಎಂಬವಳು ಇದ್ದಳು ಎನ್ನಲು ಈಗ ಉಳಿದ ಗುರುತು ಇದೊಂದೇ.

ಅಡಿವೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ನನಗ ಕಂಡಿಲ್ಲಂತ ತಿಳದೀಯೇನ? ದಿನಾ ಬಚ್ಚಲಕ್ಕ ಹೋಗುವಾಗ ನೋಡತೇನಿ. ಹೊಟ್ಟಿ ಉರೀತೈತಿ. ಆದ್ರ ಈ ವರ್ಷ ಹಾಕಲಿಲ್ಲಂದ್ರ ಮುಂದ ಆ ಬೀಜ ಹುಟ್ಟಂಗಿಲ್ಲವ್ವ.”

“ಇರಲಿ ಬಿಡವ್ವ” ಎಂದ ಮಲ್ಲೇಶಪ್ಪ, ಮಣ್ಣಿಗೆ ಹೇಳಿದ ಹಾಗೆ. “ಮಂದಿ ಕಡೆ ನಾಕ ಬೀಜ ಇಸಗೊಂಡ ಬರತೇನಿ.”

“ಈ ವರ್ಷ ಯಾರ ಕೊಡತಾರಪಾ? ಎಲ್ಲಾರ ಮನ್ಯಾಗೂ ಇದ ಗತಿ.”

ಮಲ್ಲೇಶಪ್ಪ ಮತ್ತೆ ಸಲಿಕೆ ಎತ್ತಿದ. ಹೇಳುವಷ್ಟು ಹೇಳಿದೆನಲ್ಲ ಎಂಬ ಸಮಾಧಾನ ಅವನದು. ಗಂಡಸರಿಗೆ ಅಷ್ಟು ಸಾಕಾಗುತ್ತದೆ.

ಗುತ್ತೆವ್ವ ಮೆಲ್ಲಗೆ ತನ್ನ ಕೈಯನ್ನು ಅಕ್ಕನ ಕೈ ಗುರುತಿನೊಳಗೆ ಇಟ್ಟು ನೋಡಿದಳು. ಸುತ್ತಲೂ ಜಾಗ ಉಳಿಯಿತು, ಬೆರಳ ತುದಿಗಳು ಮುಟ್ಟಲಿಲ್ಲ. ಅಡಿವೆವ್ವ ಹತ್ತಿರ ಬಂದಳು. ಸೊಸೆಯ ಬೆನ್ನು ಸವರಿ ಸಮಾಧಾನ ಹೇಳಿದಳು.

“ನಿಂದು ಇನ್ನಾ ಸಣ್ಣ ಕೈ ಐತಿ. ಎರಡ ವರ್ಷದಾಗ ಸರಿಯಾಗಿ ಕೂಡತೈತಿ ಬಿಡು.”

ಕಾದ ಹಂಚು ಮುಟ್ಟಿದವಳಂತೆ ಗುತ್ತೆವ್ವ ಕೈ ಹಿಂದಕ್ಕೆಳೆದಳು. ಅತ್ತೆಯ ಮುಖವನ್ನೇ ನೋಡಿದಳು. ಆ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ಆಮೇಲೆ ಕುಡಗೋಲು ಇಸಿದುಕೊಂಡು ತಾನೇ ಕುಳ್ಳನ್ನು ಗೋಡೆಯಿಂದ ಎಬ್ಬಿಸಿ, ಉಡಿಯಲ್ಲಿಟ್ಟುಕೊಂಡು ಕೂತು ಮುರಿದಳು. ಕಿರುಬೆರಳಿನ ತುಂಡನ್ನು ಕೊನೆಗೆ ಮುರಿದಳು. ಬೀಜ ಒಂದೂ ಕೆಟ್ಟಿರಲಿಲ್ಲ.

ಅರ್ಧ ಬೀಜ ಮಡಿಗೆ ಬಿದ್ದವು. ಬೂದಿ ಕೂಡಿಸಿದ ಮಣ್ಣು ಮುಚ್ಚಿ ಮಲ್ಲೇಶಪ್ಪ ನೀರು ಬಿಟ್ಟ. “ಉಳಿದಿದ್ದು ಮಿರಗದ ಮಳಿಗೆ ಬೇಕಾಗತಾವ. ಹೊಸಾ ಸಗಣಿ ಕಲಸಿ ತಟ್ಟು” ಎಂದಳು ಅಡಿವೆವ್ವ. ಗುತ್ತೆವ್ವ ಕಲಸಿದಳು. ಹಳೆಯ ಕುಳ್ಳು ಬಿಟ್ಟುಹೋದ ದುಂಡನೆಯ ಕಲೆಯ ಮೇಲೆಯೇ ಹೊಸ ಮುದ್ದೆ ಹಚ್ಚಿ, ತೆಂಗಿನ ಚಿಪ್ಪಿನ ಬೆನ್ನಿನಿಂದ ಒತ್ತತೊಡಗಿದಳು.

“ಹಂಗ ಒತ್ತಿದ್ರ ಬಿದ್ದು ಹೋಗತೈತಿ. ಅಂಗೈಲೆ ತಟ್ಟವ್ವ.”

“ಬ್ಯಾಡ್ರಿ ಅತ್ತಿ, ಕೈ ಮೂಡತೈತಿ.” ಅಂಚಿನಲ್ಲಿ ತಪ್ಪಿ ಬಿದ್ದಿದ್ದ ಒಂದು ಬೆರಳ ಗುರುತನ್ನೂ ಅವಳು ಚಿಪ್ಪಿನಿಂದ ಸವರಿ ಅಳಿಸಿದಳು. “ತವರಾಗ ಇನ್ನಾ ನಮ್ಮ ಸರೋಜಿ ಅದಾಳ.”